ಬಿಸಿಲಿಗೆ ಕಂಡ ಗೀರುಗಳು

ಮಗಳು ಬಟ್ಟೆ ಅಂಗಡಿಯ ಕ್ಯಾಶ್ ಕೌಂಟರ್ ಕೆಲಸ ಬಿಟ್ಟು, ಯಾರೋ ಓಡಿಸಿದ ಕಪ್ಪು ಕಾರೊಂದನ್ನು ಕೊಂಡು ಮನೆಮುಂದೆ ತಂದು ನಿಲ್ಲಿಸಿದ ದಿನ ಅಪ್ಪ ಪೇಪರು ಮಡಚಿಟ್ಟು ಎದ್ದ. ಹೊರಗೆ ಬಂದು ಟೈರು ನೋಡಿದ. ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದ. ಮತ್ತೆ ಒಳಗೆ ಹೋಗಿ ಪೇಪರು ಹಿಡಿದು ಕೂತ.

“ಹೇಗಿದೆ ಅಪ್ಪಾ?” ಅಂತ ಮಗಳು ಬಾಗಿಲಲ್ಲೇ ನಿಂತು ಕೇಳಿದಳು.

“ಕಾರು ಚೆನ್ನಾಗಿದೆ,” ಅಂದ ಅಪ್ಪ, ಪೇಪರಿನ ಹಿಂದಿನಿಂದಲೇ. “ನೀನು ಮಾಡಿದ ಕೆಲಸ ಚೆನ್ನಾಗಿಲ್ಲ.”

ಮದುವೆಗಳಿಗೆ ಕಾರು ಓಡಿಸುವುದು ಅವಳ ಯೋಚನೆ. ವಧುವನ್ನು ಮನೆಯಿಂದ ಕರೆದುಕೊಂಡು ಹೋಗಿ ಮಂಟಪದ ಮುಂದೆ ಇಳಿಸಬೇಕು, ಸಂಜೆ ಇಬ್ಬರನ್ನೂ ಕೂರಿಸಿಕೊಂಡು ಊರು ಸುತ್ತಿಸಬೇಕು. ಊರಿನಲ್ಲಿ ಅಂಥ ಕಾರುಗಳು ಬೇಕಾದಷ್ಟಿದ್ದವು, ಆದರೆ ಓಡಿಸುವವರೆಲ್ಲ ಗಂಡಸರು. ಹೆಣ್ಣುಮಗಳೊಬ್ಬಳು ಸ್ಟಿಯರಿಂಗ್ ಹಿಡಿದರೆ ಎಷ್ಟೋ ವಧುಗಳು ನೆಮ್ಮದಿಯಾಗಿ ಕೂರುತ್ತಾರೆ ಅಂತ ಅವಳ ಲೆಕ್ಕಾಚಾರ. ಅಪ್ಪನಿಗೆ ಅದು ತಲೆಗೆ ಹೋಗಲಿಲ್ಲ. ಅವನು ಜೀವಮಾನವೆಲ್ಲ ಸರ್ಕಾರಿ ಆಫೀಸೊಂದರಲ್ಲಿ ಡ್ರೈವರ್ ಆಗಿದ್ದವನು. ಕಣ್ಣು ಮಂದವಾದ ಮೇಲೆ ಮನೆಯಲ್ಲಿದ್ದ. ಮಗಳು ಓದಲಿ, ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರುವ ಕೆಲಸ ಹಿಡಿಯಲಿ ಅಂತ ಅಷ್ಟೂ ವರ್ಷ ಹಲ್ಲು ಕಚ್ಚಿಕೊಂಡು ದುಡಿದವನು.

ಹಾಗಂತ ಕಾರನ್ನು ಅವನು ದೂರ ಇಡಲಿಲ್ಲ. ಮಾರನೆಯ ಬೆಳಿಗ್ಗೆ ಮಗಳು ಏಳುವಷ್ಟರಲ್ಲಿ ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್ ಹಿಡಿದು ಕಾರಿನ ಪಕ್ಕ ನಿಂತಿದ್ದ. ಅದರ ಮಾರನೆಯ ದಿನವೂ ನಿಂತ. ಅದು ಅವನ ದಿನಚರಿಯಾಯಿತು. ಮಗಳ ಜೊತೆ ಕಾರಿನ ವಿಷಯ ಆಡುತ್ತಿರಲಿಲ್ಲ, ಕಾರನ್ನು ಒರೆಸದೆ ಕಾಫಿಯನ್ನೂ ಕುಡಿಯುತ್ತಿರಲಿಲ್ಲ.

“ಬೈಯೋದು ಮಗಳನ್ನ, ಮೈ ಉಜ್ಜೋದು ಕಾರಿಗೆ,” ಅಂತ ಅಜ್ಜಿ ಕಿಟಕಿಯಿಂದ ನೋಡಿ ನಗುತ್ತಿದ್ದಳು. ಅಪ್ಪನ ತಾಯಿ ಅವಳು. ಕಿವಿ ಅರ್ಧ ಕೇಳಿಸುತ್ತಿರಲಿಲ್ಲ, ಕಣ್ಣು ಮಾತ್ರ ಹದ್ದಿನದು.

ಮದುವೆ ಫೋಟೋಗಳಿಗೆ ಊರಲ್ಲೆಲ್ಲ ಹೆಸರಾದ ಸ್ಟುಡಿಯೋ ಒಂದಿತ್ತು. ಅದರ ಒಡತಿ ಹೇಳಿದ ಕಾರನ್ನೇ ಮದುವೆ ಮನೆಯವರು ಗೊತ್ತುಮಾಡುತ್ತಿದ್ದರು. ಮಗಳು ಒಂದು ಮಧ್ಯಾಹ್ನ ಕಾರು ತೆಗೆದುಕೊಂಡು ಅಲ್ಲಿಗೆ ಹೋದಳು. ಸ್ಟುಡಿಯೋದಾಕೆ ಕುಳ್ಳಗೆ, ಚುರುಕಾಗಿದ್ದಳು. ಹೆಣ್ಣು ಡ್ರೈವರ್ ಅಂದ ಕೂಡಲೇ ಅವಳ ಮುಖ ಅರಳಿತು.

“ಇಂಥವರನ್ನೇ ನಾನು ಹುಡುಕ್ತಾ ಇದ್ದೆ ಕಣಮ್ಮಾ. ಕಾರನ್ನ ಸ್ವಲ್ಪ ಬಿಸಿಲಿಗೆ ತಗೊಳ್ಳಿ.”

ಕಾರು ಬಿಸಿಲಿಗೆ ಬಂತು. ಆಕೆ ಕ್ಯಾಮೆರಾ ಕಣ್ಣಿಗಿಟ್ಟಳು, ಕ್ಲಿಕ್ಕಿಸಿದಳು, ಕ್ಯಾಮೆರಾದ ಪರದೆಯಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿದಳು. ಆಮೇಲೆ ಮಗಳಿಗೂ ತೋರಿಸಿದಳು. ಬಾಗಿಲಿನ ಮೇಲೆ ಸೂರ್ಯ ಬಿದ್ದ ಕಡೆ ಜೇಡರಬಲೆ ಹರಡಿದ ಹಾಗೆ ನೂರಾರು ಸಣ್ಣ ಗೀರುಗಳು. ನೆರಳಿನಲ್ಲಿ ಒಂದೂ ಕಾಣದಂಥವು.

“ಇದನ್ನ ಯಾವುದರಲ್ಲಿ ಉಜ್ಜಿದೀರಿ? ಪಾತ್ರೆ ತಿಕ್ಕೋ ನಾರಲ್ಲಾ?”

ಮಗಳು ಕಾರಿನ ಬಾಗಿಲಿನ ಮೇಲೆ ಬೆರಳಾಡಿಸಿ ನೋಡಿದಳು.

“ಬೇಜಾರು ಮಾಡ್ಕೋಬೇಡಿ. ಬಿಳಿ ಕಾರಾಗಿದ್ರೆ ನಡೀತಿತ್ತು. ಕಪ್ಪು ಕಾರು ಕನ್ನಡಿ ಇದ್ದ ಹಾಗೆ, ಒಳಗಿರೋದೆಲ್ಲ ಹೇಳಿಬಿಡತ್ತೆ. ಮುಂದಿನ ತಿಂಗಳಿಂದ ಮದುವೆಗಳು ಶುರು. ಅಷ್ಟರಲ್ಲಿ ಸರಿಮಾಡಿಸಿ ತನ್ನಿ, ನೋಡೋಣ. ಆಗದಿದ್ರೆ ನಾನು ಬೇರೆ ಕಾರು ನೋಡ್ಕೋಬೇಕಾಗತ್ತೆ.”

ಅವತ್ತು ರಾತ್ರಿ ಊಟಕ್ಕೆ ಐದೂ ಜನ ಸೇರಿದರು. ಅದೇ ಮನೆಯಲ್ಲಿದ್ದು ಬೇಕರಿಯಲ್ಲಿ ಕೆಲಸ ಮಾಡುವ ಅಳಿಯ ಹಿಟ್ಟಿನ ಧೂಳು ಕೊಡವಿಕೊಂಡು ಬಂದು ತಟ್ಟೆ ಮುಂದೆ ಕೂತ. ಅಮ್ಮ ಬಡಿಸುತ್ತಿದ್ದಳು. ಮಗಳು ಅನ್ನಕ್ಕೆ ಕೈ ಹಾಕಲೇ ಇಲ್ಲ.

“ಅಪ್ಪಾ, ಇನ್ನುಮೇಲೆ ನನ್ನ ಕಾರು ಮುಟ್ಟಬೇಡ.”

ಅಪ್ಪನ ತುತ್ತು ಅರ್ಧದಲ್ಲೇ ನಿಂತಿತು. “ಯಾಕೆ?”

“ಮೈತುಂಬ ಗೀರು ಹಾಕಿದೀಯ. ಸ್ಟುಡಿಯೋದವರು ಬೇಡ ಅಂದ್ರು.”

“ನಾನಾ? ಗೀರಾ? ಹುಟ್ಟಿದಾಗಿಂದ ಕಾರು ತೊಳೆದಿರೋ ಕೈ ಇದು. ಒಬ್ಬ ಸಾಹೇಬನೂ ಒಂದು ಮಾತು ಆಡಿಲ್ಲ.”

“ಅದು ಬಿಳಿ ಕಾರಪ್ಪಾ! ಬಿಳಿ ಮೇಲೆ ಏನು ಕಾಣತ್ತೆ? ಒಂದೇ ಬಕೆಟ್ಟು, ಒಂದೇ ಬಟ್ಟೆ. ಮಣ್ಣು ಒರೆಸಿ ಅದೇ ನೀರಿಗೆ ಅದ್ದಿ ಅದರಲ್ಲೇ ಮತ್ತೆ ಉಜ್ಜಿದ್ರೆ ಇನ್ನೇನಾಗತ್ತೆ?”

“ನನಗೆ ಪಾಠ ಹೇಳಬೇಡ. ನಿನ್ನನ್ನ ಯಾರು ಡ್ರೈವರ್ ಆಗು ಅಂದ್ರು? ಕಂಡವರ ಮದುವೆ ಬಾಗಿಲಲ್ಲಿ ಕಾಯೋದಕ್ಕಾ ಓದಿಸಿದ್ದು?”

“ನೀನು ಕಾಯ್ಲಿಲ್ವಾ?”

“ಅದಕ್ಕೇ ಹೇಳ್ತಿರೋದು!”

ಅಪ್ಪ ಕೈ ತೊಳೆದು ಎದ್ದ. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

“ಏನಂತೆ?” ಅಂದಳು ಅಜ್ಜಿ, ಯಾರ ಮುಖ ನೋಡಬೇಕೆಂದು ತಿಳಿಯದೆ.

“ಏನಿಲ್ಲ ಅತ್ತೆ, ಊಟ ಮಾಡಿ,” ಅಂದಳು ಅಮ್ಮ. ಅಳಿಯ ತಲೆ ಎತ್ತಲಿಲ್ಲ. ಪಲ್ಯ ಬೇಕಾ ಅಂದರೆ ಬೇಡ ಅಂದ. ಪಲ್ಯ ಬೇಡ ಅಂದವನೇ ಅಲ್ಲ ಅವನು.

ಮಾರನೆಯ ದಿನದಿಂದ ಅಪ್ಪ ತಟ್ಟೆ ಹಿಡಿದುಕೊಂಡು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಊಟ ಮಾಡತೊಡಗಿದ. ಕಾರಿನ ಕಡೆ ಸುಳಿಯಲಿಲ್ಲ. ಕಾರಿನ ಮೇಲೆ ಧೂಳು ಕೂತಿತು. ಒಣಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಗೀರು ಬೀಳುತ್ತದೆ ಅಂತ ಮಗಳೂ ಮುಟ್ಟಲಿಲ್ಲ. ಮನೆಯಲ್ಲಿ ಮಾತು ಅಮ್ಮನ ಮೂಲಕ ಓಡಾಡುತ್ತಿತ್ತು.

“ನಿನ್ನ ಮಗಳಿಗೆ ಹೇಳು, ಟೈರಿಗೆ ಗಾಳಿ ಕಮ್ಮಿಯಾಗಿದೆ.”

“ಅಪ್ಪನಿಗೆ ಹೇಳಮ್ಮಾ, ನನಗೂ ಕಣ್ಣಿದೆ ಅಂತ.”

“ನಾನೇನು ಪೋಸ್ಟ್‌ಮ್ಯಾನಾ?” ಅಂತ ಅಮ್ಮ ಹೊಲಿಗೆ ಮೆಷಿನ್ನಿನ ಚಕ್ರ ಜೋರಾಗಿ ತಿರುಗಿಸುತ್ತಿದ್ದಳು. ಮನೆಯಲ್ಲೇ ಕೂತು ಕಿಟಕಿ ಪರದೆ ಹೊಲಿಯುವುದು ಅವಳ ಕಸುಬು. ಕೋಪ ಬಂದ ದಿನ ಹೊಲಿಗೆ ಸೊಟ್ಟಗಾಗುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತಿತ್ತು. ಆ ವಾರ ಅವಳು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಒಂದು ಭಾನುವಾರ ಅಪ್ಪ ಎಂದಿನಂತೆ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೊರಟಾಗ ಅಳಿಯನಿಗೆ ಇನ್ನು ತಡೆಯಲಾಗಲಿಲ್ಲ.

“ಮಾವ, ಕೂತ್ಕೊಳ್ಳಿ. ತಪ್ಪು ನಿಮ್ಮೊಬ್ಬರದೇ ಅಲ್ಲ.”

ಎಲ್ಲರೂ ಅವನ ಕಡೆ ತಿರುಗಿದರು.

“ಕಾರು ಬಂದ ಹೊಸದರಲ್ಲಿ, ಇವಳಿಗೆ ಖುಷಿಯಾಗಲಿ ಅಂತ, ಒಂದೆರಡು ಸಲ ಆ ಮೆಷಿನ್ ವಾಶಿಂಗಿಗೆ ತಗೊಂಡುಹೋಗಿದ್ದೆ. ದೊಡ್ಡ ಬ್ರಶ್ಶು ಗಿರಗಿರ ಅಂತ ತಿರುಗತ್ತಲ್ಲ, ಅಲ್ಲಿ. ಮುಂದಿನ ಗಾಡಿಯ ಕೆಸರೆಲ್ಲ ಬ್ರಶ್ಶಿನಲ್ಲೇ ಇತ್ತು. ಅವತ್ತೇ ಹೇಳಬೇಕಿತ್ತು.”

ಮಗಳು ಚಮಚ ತಟ್ಟೆಯ ಮೇಲೆ ಕುಕ್ಕಿದಳು. “ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ರಿ? ಬನ್ನಾ?”

“ನೀನು ಅವತ್ತು ಬಯ್ತಿದ್ದ ರಭಸ ನೋಡಿ...”

“ನನ್ನ ಮಗನ್ನ ಮುಂದೆ ಬಿಟ್ಟು ಹಿಂದೆ ಅವಿತ್ಕೊಂಡ್ಯಾ?” ಅಂತ ಅಜ್ಜಿ ನಕ್ಕುಬಿಟ್ಟಳು. ಬೇಕಾದದ್ದು ಅವಳಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಅಪ್ಪ ಅಳಿಯನನ್ನು ಬೈಯಲಿಲ್ಲ. ತಟ್ಟೆ ಕೆಳಗಿಟ್ಟು ಓದುವ ಕನ್ನಡಕ ಹಾಕಿಕೊಂಡು ಸೀದಾ ಹೊರಗೆ ನಡೆದ. ಬಿಸಿಲು ಬಿದ್ದಿತ್ತು. ಒಂದು ಚೆಂಬು ನೀರು ಸುರಿದು ಬಾಗಿಲಿನ ಧೂಳು ಇಳಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದ. ಕಾರಿನ ಸುತ್ತ ಹಾಗೇ ಬಗ್ಗಿಕೊಂಡು ಬಂದ. ಉಳಿದವರೆಲ್ಲ ಬಾಗಿಲಲ್ಲಿ ನಿಂತಿದ್ದರು.

“ಈ ಉದ್ದ ಗೀರುಗಳು ಮೆಷಿನ್ನಿಂದು,” ಅಂದ ಕೊನೆಗೆ. “ಈ ಸುತ್ತು ಗೀರುಗಳು ನಂದು. ನನ್ನ ಕೈ ಹೀಗೇ ತಿರುಗೋದು.” ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದ. ಗೀರುಗಳ ಸುತ್ತಿಗೂ ಆ ಕೈಯ ಸುತ್ತಿಗೂ ವ್ಯತ್ಯಾಸವಿರಲಿಲ್ಲ. “ನಂದೇ ಹೆಚ್ಚಿದೆ.”

ಮಗಳಿಗೆ ಜಗಳಕ್ಕೆ ನಿಂತ ಅಪ್ಪನಿಗೆ ಉತ್ತರ ಕೊಡುವುದು ಗೊತ್ತಿತ್ತು, ಒಪ್ಪಿಕೊಂಡ ಅಪ್ಪನಿಗೆ ಏನು ಉತ್ತರ ಕೊಡುವುದೋ ಗೊತ್ತಿರಲಿಲ್ಲ.

ಮರುದಿನ ಅವಳು ಕಾರನ್ನು ಪಾಲಿಶ್ ಮಾಡುವ ಶೆಡ್ಡೊಂದಕ್ಕೆ ತೆಗೆದುಕೊಂಡು ಹೋದಳು. ಅಲ್ಲಿಯವನು ಒಂದು ಸಣ್ಣ ಯಂತ್ರವನ್ನು ಅಲ್ಲಲ್ಲಿ ಇಟ್ಟು ಪೇಂಟಿನ ದಪ್ಪ ಅಳೆದ. ತಲೆ ಅಲ್ಲಾಡಿಸಿದ.

“ಹಿಂದಿನ ಓನರ್ ಪಾಲಿಶ್ ಮೆಷಿನ್ ಹಾಕಿ ಹಾಕಿ ಸವೆಸಿಬಿಟ್ಟಿದಾನೆ ಮೇಡಂ. ಬಾನೆಟ್ಟಲ್ಲಿ ಪೇಂಟು ತೀರಾ ತೆಳ್ಳಗಿದೆ. ಮತ್ತೆ ಮೆಷಿನ್ ಇಟ್ರೆ ತಳದ ತಗಡು ಕಾಣಿಸ್ಬೋದು, ನಾನು ಗ್ಯಾರಂಟಿ ಕೊಡಲ್ಲ. ಕೈಯಲ್ಲೇ ಮೆತ್ತಗೆ ತೆಗೀಬೇಕು. ಅಷ್ಟು ಪುರುಸೊತ್ತು ನಮ್ಮಲ್ಲಿ ಯಾರಿಗಿದೆ?”

ಮನೆಗೆ ಬಂದವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು.

“ಅಂಗಡಿಯವರು ವಾಪಸ್ಸು ಬಾ ಅಂತಿದಾರಮ್ಮಾ. ನನ್ನ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ವಂತೆ. ನಾಳೆ ಫೋನ್ ಮಾಡಿಬಿಡ್ತೀನಿ. ಕಾರು ಯಾರಾದ್ರೂ ತಗೊಳ್ಳೋರಿದ್ರೆ ಕೊಟ್ಟುಬಿಡೋಣ.”

ಹಿತ್ತಲ ಮೆಟ್ಟಿಲ ಮೇಲಿದ್ದ ಅಪ್ಪನಿಗೆ ಇದು ಕೇಳಿಸಿತು. ಅವನು ಇಷ್ಟು ದಿನ ಬಯಸಿದ್ದು ಇದೇ ಮಾತನ್ನು. ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಫೋನ್ ಈಗಲೇ ಬೇಡ.”

“ಯಾಕಪ್ಪಾ? ನಿನಗೆ ಬೇಕಾಗಿದ್ದೂ ಅದೇ ತಾನೆ?”

“ನನಗೆ ಬೇಕಾಗಿದ್ದು ನೀನು ಬಿಡೋದು. ನನ್ನ ಕೈಯಿಂದ ಹಾಳಾಗಿ ಬಿಡೋದಲ್ಲ. ಸ್ವಲ್ಪ ದಿನ ತಡಿ.”

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆಮೇಲಿನ ದಿನಗಳಲ್ಲಿ ಮನೆಯೊಳಗಿನಿಂದ ಸಾಮಾನುಗಳು ಒಂದೊಂದಾಗಿ ಮಾಯವಾಗತೊಡಗಿದವು. ಮೊದಲು ಎರಡು ಸ್ಟೂಲು. ಆಮೇಲೆ ಅಜ್ಜಿಯ ಟಾರ್ಚು. ಅಮ್ಮನ ಹತ್ತಿರವಿದ್ದ, ಬೆಕ್ಕಿನ ಮೈಯಂತೆ ಮೆತ್ತಗಿದ್ದ ಟವೆಲ್ ಬಟ್ಟೆಯ ತುಂಡು. ಕೊನೆಗೊಂದು ಸಂಜೆ ಅಮ್ಮ ಅಡುಗೆಮನೆ ತಲೆಕೆಳಗು ಮಾಡಿ ಹುಡುಕುತ್ತಿದ್ದಳು.

“ಸೊಪ್ಪು ತೊಳೆಯೋ ತೂತಿನ ಬುಟ್ಟಿ ಯಾರು ತಗೊಂಡಿದ್ದು? ಇಲ್ಲೇ ಮೊಳೆಗೆ ಹಾಕಿದ್ದೆ!”

“ನಾನು ತಿಂದಿಲ್ಲ,” ಅಂದಳು ಅಜ್ಜಿ.

ಮಗಳು ಹುಡುಕುತ್ತ ಹಿತ್ತಲಿಗೆ ಹೋದಳು. ನೀರಿನ ತೊಟ್ಟಿಯ ಹಿಂದೆ, ಗೋಡೆಯ ಮರೆಯಲ್ಲಿ, ಎರಡು ಸ್ಟೂಲುಗಳ ಮೇಲೆ ಯಾವುದೋ ಹಾಳಾದ ಕಾರಿನ ಕಪ್ಪು ಬಾನೆಟ್ಟು ಮಲಗಿತ್ತು. ಅದರ ಮುಂದೆ ಅಪ್ಪ, ಪ್ಯಾಂಟನ್ನು ಮಂಡಿಗೆ ಮಡಚಿಕೊಂಡು, ಎರಡು ಬಕೆಟ್ಟುಗಳ ನಡುವೆ ನಿಂತಿದ್ದ. ಪಕ್ಕದಲ್ಲಿ ಅವಳ ಗಂಡ ಟಾರ್ಚು ಹಿಡಿದು ಕಳ್ಳನ ಹಾಗೆ ನಿಂತಿದ್ದ.

“ಇದೇನಿದು?”

“ಗುಜರಿಯಿಂದ ತಂದ್ವಿ,” ಅಂದ ಗಂಡ. “ಬೇಕರಿ ವ್ಯಾನಿನಲ್ಲಿ. ನನ್ನನ್ನ ಬೈಬೇಡ, ಮಾವ ಹೇಳಿದ್ದು.”

“ನಿನ್ನ ಕಾರಿನ ಮೇಲೆ ಕಲಿಯೋದಕ್ಕೆ ಆಗಲ್ವಲ್ಲ,” ಅಂದ ಅಪ್ಪ. “ಬಾ ಇಲ್ಲಿ. ಈ ಅರ್ಧ ನೋಡು. ಈಗ ಆ ಅರ್ಧ ನೋಡು.”

ಅಳಿಯ ಟಾರ್ಚಿನ ಬೆಳಕು ಬಿಟ್ಟ. ಒಂದು ಅರ್ಧದಲ್ಲಿ ಬೆಳಕಿನ ಸುತ್ತ ಜೇಡರಬಲೆ. ಇನ್ನೊಂದು ಅರ್ಧದಲ್ಲಿ ಟಾರ್ಚಿನ ಬಲ್ಬು ಒಂದೇ ಒಂದು ಚುಕ್ಕೆಯಾಗಿ, ನೀರಿನಲ್ಲಿ ಬಿದ್ದ ಹಾಗೆ, ಸ್ವಚ್ಛವಾಗಿ ಕೂತಿತ್ತು.

ಮಗಳು ಬಗ್ಗಿ ಬೆರಳಾಡಿಸಿದಳು. “ಹೇಗೆ ಮಾಡ್ದೆ ಅಪ್ಪಾ?”

“ಎಷ್ಟು ಸಲ ಕೆಡಿಸಿದೆ ಅಂತ ಕೇಳು, ಅದನ್ನ ಬೇಕಾದ್ರೆ ಹೇಳ್ತೀನಿ. ಕೈಯಲ್ಲೇ ಪಾಲಿಶ್ ಹಾಕಿ ಗೀರು ತೆಗೆದೆ, ಆದ್ರೆ ಅದಕ್ಕೂ ಮೊದಲು ತೊಳೆಯೋದು ಕಲೀಬೇಕಿತ್ತು.” ಅಪ್ಪ ಬಕೆಟ್ಟಿನೊಳಗೆ ಕೈ ಹಾಕಿ ಅಮ್ಮನ ತೂತಿನ ಬುಟ್ಟಿಯನ್ನು ಎತ್ತಿದ. ಅದು ತಳದಲ್ಲಿ ಮಗುಚಿಕೊಂಡಿತ್ತು. “ಇಲ್ಲಿ ಕೂತು ಊಟ ಮಾಡ್ವಾಗ ನಿಮ್ಮಮ್ಮ ನಲ್ಲಿ ಹತ್ರ ಸೊಪ್ಪು ತೊಳೀತಿದ್ಳು. ಸೊಪ್ಪನ್ನ ಮೇಲಕ್ಕೆ ಎತ್ತಿದ್ಳು, ಮಣ್ಣು ತಳದಲ್ಲೇ ಉಳೀತು. ನಾನು ಜೀವಮಾನವೆಲ್ಲ ಮಾಡಿದ್ದು ತಿರುಗಾಮುರುಗಾ. ತಳದ ಮಣ್ಣನ್ನೇ ಮತ್ತೆ ಬಟ್ಟೇಲಿ ಎತ್ಕೊಂಡು ಉಜ್ತಿದ್ದೆ. ಈಗ ಇದರಲ್ಲಿ ಬರೀ ನೀರು. ಕೊಳೆ ಬಟ್ಟೇನ ಮೊದಲು ಇಲ್ಲಿ ಜಾಲಾಡ್ಬೇಕು. ಮಣ್ಣು ಬುಟ್ಟಿಯ ಕೆಳಗೆ ಇಳಿಯತ್ತೆ, ಮತ್ತೆ ಬಟ್ಟೆಗೆ ಸಿಗಲ್ಲ. ಆಮೇಲೆ ಆ ಸೋಪಿನ ಬಕೆಟ್ಟು.”

“ನನ್ನ ಬುಟ್ಟಿ!” ಅಂತ ಅಮ್ಮ ಹಿಂದಿನಿಂದ ಕೂಗಿದಳು. “ಇನ್ನು ಅದರಲ್ಲಿ ಸೊಪ್ಪು ತೊಳೀತೀನಾ ನಾನು? ಹೊಸದು ತಂದುಕೊಡಿ. ಮತ್ತೆ ಆ ಬಟ್ಟೆ ಕೊಡಿ ಇಲ್ಲಿ.” ಟವೆಲ್ ತುಂಡನ್ನು ಕಸಿದುಕೊಂಡು ಅಂಚನ್ನು ಉಗುರಿನಿಂದ ತಡವಿದಳು. “ಈ ಹೊಲಿಗೆ ಗಂಟು ನೋಡಿ, ಮರಳಿನ ಹಾಗಿದೆ. ಗೀರು ಬೀಳದೆ ಇನ್ನೇನು? ನನ್ನನ್ನ ಒಂದು ಮಾತು ಕೇಳಿದ್ರೆ ನಿಮ್ಮ ಮೀಸೆ ಉದುರ್ತಿತ್ತಾ?”

ಅವತ್ತು ರಾತ್ರಿ ಅಪ್ಪ ತಟ್ಟೆ ಹಿಡಿದು ಒಳಗೇ ಕೂತ. ಅಳಿಯ ಎರಡು ಸಲ ಪಲ್ಯ ಹಾಕಿಸಿಕೊಂಡ.

ಕಾರಿನ ಕೆಲಸ ಶುರುವಾದದ್ದು ಮೋಡ ಮುಸುಕಿದ ಒಂದು ಬೆಳಿಗ್ಗೆ. ಬಿಸಿಲಲ್ಲಿ ಲೋಹ ಕಾದರೆ ಸೋಪು ಅಲ್ಲೇ ಒಣಗಿ ಕಲೆ ಕೂರುತ್ತದೆ ಅಂತ ಅಪ್ಪ ಅಂಥ ದಿನಕ್ಕೇ ಕಾದಿದ್ದ. ಅಮ್ಮ ರಾತ್ರಿಯೇ ಬಟ್ಟೆಗಳ ಅಂಚು ಬಿಚ್ಚಿ, ಲೇಬಲ್ಲು ಕತ್ತರಿಸಿ, ಕೈಗೆ ತೊಡುವಂಥ ಒಂದು ಉಣ್ಣೆಯ ಚೀಲವನ್ನೂ ಹೊಲಿದಿಟ್ಟಿದ್ದಳು. ಅಜ್ಜಿಯ ಕುರ್ಚಿ ಅಂಗಳಕ್ಕೆ ಬಂತು.

“ಉಂಗುರ, ವಾಚು, ಬಳೆ, ಎಲ್ಲ ತೆಗೀರಿ,” ಅಂತ ಅಪ್ಪ ಅಪ್ಪಣೆ ಕೊಡಿಸಿದ. “ಬಟ್ಟೆ ಕೆಳಗೆ ಬಿದ್ರೆ ಬಿದ್ದ ಹಾಗೆ. ಎತ್ಕೊಂಡು ಒರೆಸೋ ಹಾಗಿಲ್ಲ.”

ಮೊದಲು ಪೈಪಿನ ನೀರು ಹಾಯಿಸಿದರು, ಸಡಿಲವಾದ ಧೂಳೆಲ್ಲ ತಾನೇ ಇಳಿದು ಹೋಗುವ ತನಕ. ಆಮೇಲೆ ಮೇಲಿನಿಂದ ಕೆಳಕ್ಕೆ: ಚಾವಣಿ, ಗಾಜು, ಬಾನೆಟ್ಟು, ಬಾಗಿಲುಗಳು. ಚಕ್ರದ ಸುತ್ತಿನ ಕೆಸರಿಗೆ ಬೇರೆಯದೇ ಬಟ್ಟೆ. ಮಗಳು ಉಣ್ಣೆ ಚೀಲ ತೊಟ್ಟು ನೇರವಾಗಿ ಎಳೆಯುತ್ತಿದ್ದಳು, ಅಪ್ಪ ಪಕ್ಕದಲ್ಲಿ ನಿಂತು ಕಾವಲು ಕಾಯುತ್ತಿದ್ದ.

“ಒತ್ತಬೇಡ. ಕೈಯ ಭಾರವೇ ಸಾಕು. ಅದು ಕೊಳೆಯಾದ ಪಾತ್ರೆಯಲ್ಲ.”

“ನೀನು ಸುತ್ತಿಸ್ತಿದೀಯ ನೋಡು ಅಪ್ಪಾ.”

ಅಪ್ಪ ತನ್ನ ಕೈ ನೋಡಿಕೊಂಡ. ಹೌದು, ಅಭ್ಯಾಸಬಲದಿಂದ ಸುತ್ತುತ್ತಿತ್ತು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಮತ್ತೆ ನೇರಕ್ಕೆ ಎಳೆದ. ಮುಗಿದ ಮೇಲೆ ತಿಕ್ಕಿ ಒಣಗಿಸಲಿಲ್ಲ. ದೊಡ್ಡ ಟವೆಲನ್ನು ನೀರಿನ ಮೇಲೆ ಹಾಸಿ, ಎರಡು ಕಡೆ ಹಿಡಿದು, ಮಲಗಿದ ಮಗುವಿನ ಹೊದಿಕೆ ಸರಿಸುವಂತೆ ಮೆಲ್ಲಗೆ ಎಳೆದರು.

ಗೀರು ತೆಗೆಯುವ ಕೆಲಸ ಅದಕ್ಕಿಂತ ನಿಧಾನದ್ದು. ಅಂಗೈಯಗಲ ಜಾಗಕ್ಕೆ ಬಟಾಣಿ ಕಾಳಿನಷ್ಟು ಪಾಲಿಶ್, ಹಿಂದಕ್ಕೆ ಮುಂದಕ್ಕೆ, ಒರೆಸಿ ಟಾರ್ಚಿನಲ್ಲಿ ನೋಡುವುದು, ಮತ್ತೆ ಅದೇ. ದಿನಕ್ಕೊಂದು ಬಾಗಿಲು ಮುಗಿದರೆ ಹೆಚ್ಚು. ಪೇಂಟು ತೆಳ್ಳಗಿದ್ದ ಬಾನೆಟ್ಟಿನ ಮೇಲೆ ಅಪ್ಪ ಯಾರಿಗೂ ಕೈ ಹಾಕಲು ಬಿಡಲಿಲ್ಲ. “ಇಲ್ಲಿ ಒಂದೆರಡು ಗೀರು ಉಳಿದ್ರೆ ಉಳೀಲಿ. ಆಸೆಬುರುಕತನ ಮಾಡಿದ್ರೆ ತಳ ಕಾಣತ್ತೆ,” ಅಂದ. ಬೇಕರಿಯಿಂದ ಬಂದ ಅಳಿಯ, ಎತ್ತರದ ಆಳಾದ್ದರಿಂದ ಚಾವಣಿಯ ಪಾಲು ತನ್ನದು ಅಂದ.

ಅಲ್ಲೇ ಎಡವಟ್ಟಾಯಿತು. ಚಾವಣಿಯ ನಡುಮಧ್ಯಕ್ಕೆ ಕೈ ಚಾಚಲು ಅವನು ಬಾಗಿಲಿಗೆ ಹೊಟ್ಟೆ ಕೊಟ್ಟು ಒರಗಿದ. ಕರ್ ಅಂತ ಸಣ್ಣ ಸದ್ದು. ಉಂಗುರ ವಾಚು ಎಲ್ಲ ತೆಗೆದಿದ್ದವನು ಬೆಲ್ಟು ತೆಗೆದಿರಲಿಲ್ಲ. ಹಿಂದಿನ ದಿನವಷ್ಟೇ ಕನ್ನಡಿಯ ಹಾಗೆ ಮಾಡಿದ್ದ ಬಾಗಿಲಿನ ಮೇಲೆ ಬೆರಳುದ್ದದ ಬಿಳಿ ಗೀರು.

ಅಳಿಯನ ಮುಖ ಅವನ ಹಿಟ್ಟಿನಷ್ಟೇ ಬಿಳಿಯಾಯಿತು. ಮಗಳು ಬಾಯಿ ತೆರೆದಳು, ಅಪ್ಪನ ಮುಖ ನೋಡಿ ಮುಚ್ಚಿಕೊಂಡಳು.

“ಉಗುರು ಆಡಿಸು,” ಅಂದ ಅಪ್ಪ. “ಸಿಕ್ಕಿಕೊಳ್ಳತ್ತಾ ನೋಡು.”

ಮಗಳು ತೋರುಬೆರಳಿನ ಉಗುರನ್ನು ಗೀರಿಗೆ ಅಡ್ಡ ಎಳೆದಳು. ಇನ್ನೊಮ್ಮೆ ಎಳೆದಳು. “ಇಲ್ಲ. ಜಾರತ್ತೆ.”

“ಹಾಗಾದ್ರೆ ಮೇಲುಮೇಲಿಂದು. ಹೋಗತ್ತೆ. ಇಲ್ಲಿ ಪೇಂಟು ದಪ್ಪಗಿದೆ.” ಅಳಿಯನ ಕಡೆ ತಿರುಗಿದ. “ಒಳಗೆ ಹೋಗಿ ಬೆಲ್ಟು ತೆಗೆದಿಟ್ಟು ಬಾಪ್ಪಾ. ಪ್ಯಾಂಟು ನಿಲ್ಲದಿದ್ರೆ ನಿಮ್ಮತ್ತೆ ಹತ್ರ ಲಾಡಿ ಇದೆ.”

ಮೊದಲು ನಕ್ಕದ್ದು ಅಜ್ಜಿ. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ಅಳಿಯ ಅಮ್ಮನ ಪರದೆ ಲಾಡಿ ಸೊಂಟಕ್ಕೆ ಬಿಗಿದುಕೊಂಡು ಬಂದು, ಆ ಗೀರನ್ನು ತಾನೇ ತೆಗೆಯುತ್ತೇನೆ ಅಂತ ಹಟ ಹಿಡಿದು ಕೂತ. ಸಂಜೆಯಾಗುವಷ್ಟರಲ್ಲಿ ಅದು ಎಲ್ಲಿತ್ತು ಅಂತ ಅವನಿಗೇ ಹುಡುಕಲಾಗಲಿಲ್ಲ.

ಮೇಣ ಹಚ್ಚುವ ದಿನ ಅಪ್ಪ ಮಗಳು ಇಬ್ಬರೇ ಇದ್ದರು. ಅವಳು ಸ್ಪಂಜಿಗೆ ಮೇಣ ಸವರಿ ತೆಳ್ಳಗೆ ಹಚ್ಚುತ್ತ ಹೋದಳು. ಅವನು ಸ್ವಲ್ಪ ಕಾದು, ಬೆರಳಿನಿಂದ ಒಂದು ಗೆರೆ ಎಳೆದು ನೋಡಿ, ಮೇಣ ಒಣಗಿ ಮಬ್ಬಾದ ಮೇಲೆ ಬಟ್ಟೆಯಲ್ಲಿ ಹಗುರಾಗಿ ತೆಗೆಯುತ್ತ ಹಿಂದೆ ಬಂದ. ಬಟ್ಟೆಯನ್ನು ಆಗಾಗ ಮಗ್ಗುಲು ಬದಲಿಸುತ್ತಿದ್ದ.

“ಒಂದು ಸಲ ಸಾಹೇಬರನ್ನ ಯಾವುದೋ ಮದುವೆಗೆ ಕರ್ಕೊಂಡುಹೋಗಿದ್ದೆ,” ಅಂದ ಇದ್ದಕ್ಕಿದ್ದ ಹಾಗೆ. “ಈಗ ಬರ್ತೀನಿ ಅಂತ ಒಳಗೆ ಹೋದ್ರು. ಮಧ್ಯಾಹ್ನ ಆಯ್ತು, ಸಂಜೆ ಆಯ್ತು. ಒಳಗೆ ಎಲೆ ಎತ್ತಿ ಎತ್ತಿ ಹಾಕ್ತಿದಾರೆ. ನನ್ನನ್ನ ಉಂಡ್ಯಾ ಅಂತ ಒಂದು ನಾಯಿನೂ ಕೇಳಲಿಲ್ಲ. ಮನೆಗೆ ಬಂದಾಗ ನೀನು ಬಾಗಿಲಿಗೆ ಓಡಿ ಬಂದು, ಅಪ್ಪಾ ಮದುವೇಲಿ ಏನು ತಿಂದೆ ಅಂತ ಕೇಳ್ದೆ. ಚಿಕ್ಕವಳಿದ್ದೆ ನೀನು. ಎಲ್ಲ ತಿಂದೆ ಅಂದೆ.”

ಮಗಳ ಕೈ ನಿಂತಿತು.

“ಆ ಬಾಳು ನಿನಗೆ ಬೇಡ ಅಂತ. ಅಷ್ಟೇ ನಂದು.”

ಅವಳು ಸ್ಪಂಜನ್ನು ಮತ್ತೆ ಮೇಣದ ಡಬ್ಬಿಗೆ ಒತ್ತಿದಳು.

“ಅಪ್ಪಾ, ಆ ಕಾರು ಅವರದಾಗಿತ್ತು. ಇದು ನಂದು. ನಾನು ಕಾಯೋದಿಲ್ಲ. ಇಷ್ಟು ಹೊತ್ತಿಗೆ ಬನ್ನಿ ಅಂತ ಮೊದಲೇ ಮಾತಾಡ್ಕೋತೀನಿ. ಊಟ ಹಾಕ್ತೀರಾ ಅಂತಾನೂ ಕೇಳ್ತೀನಿ. ನಾಚಿಕೆ ಏನು ಅದರಲ್ಲಿ?”

ಅಪ್ಪ ಬಟ್ಟೆ ಮಡಚಿ ಹೊಸ ಮಗ್ಗುಲು ತಿರುಗಿಸಿದ. “ಕೇಳು,” ಅಂದ. “ಎರಡನೇ ಸಲ ಬಡಿಸ್ತೀರಾ ಅಂತಾನೂ ಕೇಳು.”

ಸ್ಟುಡಿಯೋಗೆ ಎಲ್ಲರೂ ಹೋದರು. ತನ್ನನ್ನು ಬಿಟ್ಟು ಹೋಗುವುದಾದರೆ ಚಕ್ರದ ಕೆಳಗೆ ಮಲಗುತ್ತೇನೆ ಅಂತ ಅಜ್ಜಿ ಹೆದರಿಸಿದ್ದಳು. ಸುಡು ಬಿಸಿಲು. ಸ್ಟುಡಿಯೋದಾಕೆ ಹೊರಗೆ ಬಂದು ಕಾರಿನ ಸುತ್ತ ನಡೆದಳು. ಬಗ್ಗಿ ನೋಡಿದಳು, ದೀಪ ತರಿಸಿ ಬಾಗಿಲಿನ ಪಕ್ಕಕ್ಕೆ ಹಿಡಿದು ನೋಡಿದಳು. ಕ್ಯಾಮೆರಾ ಎತ್ತಿ ಫೋಟೋ ಹೊಡೆದಳು. ಪರದೆಯಲ್ಲಿ ಬಾಗಿಲಿನ ಮೇಲೆ ಎದುರಿನ ಮರವಿತ್ತು, ಮರದ ಎಲೆ ಎಲೆಯೂ ಎಣಿಸುವಂತಿತ್ತು.

“ಬಾನೆಟ್ಟಲ್ಲಿ ಒಂದೆರಡು ಇನ್ನೂ ಇವೆ,” ಅಂದಳು.

“ಇವೆ,” ಅಂದಳು ಮಗಳು. “ಅಲ್ಲಿ ಪೇಂಟು ತೆಳ್ಳಗಿದೆ ಮೇಡಂ. ಅಷ್ಟಕ್ಕೇ ಬಿಟ್ವಿ.”

ಆಕೆ ತಲೆಯಾಡಿಸಿದಳು. “ಬಿಟ್ಟಿದ್ದು ಒಳ್ಳೇದಾಯ್ತು. ಯಾವ ಶೆಡ್ಡಲ್ಲಿ ಮಾಡಿಸಿದ್ರಿ?”

“ಮನೇಲಿ. ಇವರೆಲ್ಲ ಮಾಡಿದ್ದು.”

ಸ್ಟುಡಿಯೋದಾಕೆ ಸಾಲಾಗಿ ನಿಂತಿದ್ದವರನ್ನು ನೋಡಿದಳು: ಹಿಟ್ಟಿನ ವಾಸನೆಯ ಅಳಿಯ, ದಾರದ ಎಳೆ ಸೀರೆಗೆ ಅಂಟಿದ ಅಮ್ಮ, ಕೋಲೂರಿದ ಅಜ್ಜಿ, ಕೈ ಹಿಂದೆ ಕಟ್ಟಿಕೊಂಡ ಅಪ್ಪ.

“ಮೊದಲನೇ ಮದುವೆ ನಿಮ್ಮದೇ,” ಅಂದಳು. “ಚೆನ್ನಾಗಾದ್ರೆ ಈ ಸಲದ ಎಲ್ಲ ಮದುವೆಗೂ ನೀವೇ ಬನ್ನಿ.”

ಅಳಿಯ ಅಲ್ಲೇ ರಸ್ತೆಯಲ್ಲಿ ಒಂದು ಶಿಳ್ಳೆ ಹೊಡೆದ. “ಅಯ್ಯೋ, ಅತ್ತೆಮಾವನ ಮುಂದೆ!” ಅಂತ ಮಗಳು ಅವನ ತೋಳಿಗೆ ಗುದ್ದಿದಳು.

ಮದುವೆಯ ಬೆಳಿಗ್ಗೆ ಅಪ್ಪನೂ ಹೊರಟು ನಿಂತ. ದಾರಿಯ ಧೂಳು ಕೂತರೆ ಯಾರು ನೋಡುತ್ತಾರೆ ಅನ್ನುವುದು ಅವನ ವಾದ. ವಧುವಿನ ಮನೆಯ ಬೀದಿಗೆ ಬಂದ ಕೂಡಲೇ ಇಳಿದು, ಒದ್ದೆ ಬಟ್ಟೆಯನ್ನು ಹಾಸಿ ಎಳೆದು, ಎದುರು ಬದಿಗೆ ಹೋಗಿ ಗೋಡೆಯ ಪಕ್ಕ ನಿಂತ. ಮಗಳು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕಾರಿನ ಬಾಗಿಲ ಹತ್ತಿರ ನಿಂತಿದ್ದಳು. ಪಕ್ಕದಲ್ಲಿದ್ದ ಯಾರೋ ಮುದುಕ ಅಪ್ಪನನ್ನು ಕೇಳಿದ: “ಹೆಣ್ಣು ಡ್ರೈವರ್ರಾ? ಯಾರವಳು?”

“ನನ್ನ ಮಗಳು,” ಅಂದ ಅಪ್ಪ. “ಕಾರೂ ಅವಳದ್ದೇ.”

ವಧು ಹೊರಗೆ ಬಂದಳು. ಗೆಳತಿಯರ ನೂಕುನುಗ್ಗಲಿನಲ್ಲಿ ಮುಡಿದ ಹೂವು ಒಂದು ಕಡೆ ಜಾರಿತ್ತು. “ಕನ್ನಡಿ, ಯಾರಾದ್ರೂ ಕನ್ನಡಿ ಕೊಡ್ರೇ,” ಅಂದಳು. ಯಾರ ಕೈಯಲ್ಲೂ ಇರಲಿಲ್ಲ. ಅವಳು ಕಾರಿನ ಬಾಗಿಲಿನತ್ತ ತಿರುಗಿದಳು, ತನ್ನ ಮುಖ ಕಂಡಳು, ಅಲ್ಲೇ ಬಗ್ಗಿ ನಿಂತು ಎರಡೂ ಕೈಯೆತ್ತಿ ಹೂವು ಸರಿಮಾಡಿಕೊಳ್ಳತೊಡಗಿದಳು. ಸ್ಟುಡಿಯೋದಾಕೆ ಒಂದು ಕ್ಷಣ ಬಿಡದೆ ಫೋಟೋ ಹೊಡೆದಳು.

ಆ ಫೋಟೋವನ್ನೇ ಆಕೆ ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿಟ್ಟಳು. ಒಂದು ಸಂಜೆ ಮನೆಮಂದಿಯೆಲ್ಲ ನೋಡಲು ಹೋದರು. ಕಪ್ಪು ಬಾಗಿಲಿನ ಆಳದಲ್ಲಿ ವಧುವಿನ ಮುಖ, ಎತ್ತಿದ ಕೈಗಳು, ಅವಳ ಹಿಂದೆ ಇಡೀ ಬೀದಿ.

ಅಜ್ಜಿ ಮೂಗನ್ನು ಗಾಜಿಗೆ ಒತ್ತಿ ನೋಡಿದಳು. “ಹುಡುಗಿ ಹಿಂದೆ ಗೋಡೆ ಪಕ್ಕ ಬಟ್ಟೆ ಹಿಡ್ಕೊಂಡು ಹಲ್ಲು ಬಿಡ್ತಾ ನಿಂತಿದಾನಲ್ಲ, ಅವನ್ಯಾರೋ?”

ಅಪ್ಪ ಬಗ್ಗಿದ. ಕನ್ನಡಕ ಹಾಕಿಕೊಂಡು ನೋಡಿದ.

“ಮೇಡಂ ಕೇಳಿದ್ರು, ಅದನ್ನ ಅಳಿಸಿಬಿಡಲಾ ಅಂತ,” ಅಂದಳು ಮಗಳು. “ಬೇಡ ಅಂದೆ.”

“ಯಾಕೆ?”

“ಇರಲಿ ಅಂತ.”

ಅಪ್ಪ ಇನ್ನೂ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ನೆಟ್ಟಗೆ ನಿಂತು, ದಾರಿಯಲ್ಲಿ ಹೋಗುತ್ತಿದ್ದ ಗುರುತಿಲ್ಲದ ಮನುಷ್ಯನೊಬ್ಬನ ತೋಳು ಹಿಡಿದು ನಿಲ್ಲಿಸಿದ.

“ಒಂದು ನಿಮಿಷ ಬನ್ನಿ ಸ್ವಾಮಿ,” ಅಂದ. “ಇಲ್ಲೊಂದು ಫೋಟೋ ಇದೆ, ನೋಡಿ.”